ಬಲಗಡೆ ಓಡಿಸುವ ದೇಶ

ಮಜೀದ್ ಕೆಲಸದಿಂದ ನಿವೃತ್ತನಾಗಿ ಸರಿಯಾಗಿ ಹದಿನೆಂಟು ದಿನಕ್ಕೆ ಡೆನ್ಮಾರ್ಕಿನಿಂದ ದಪ್ಪನೆಯ ಲಕೋಟೆಯೊಂದು ಬಂತು. ಅಂಚೆಯವನು ಅದನ್ನು ಬಾಗಲಗುಂಟೆಯ ಅರ್ಧ ಊರಿಗೆ ತೋರಿಸಿಕೊಂಡೇ ತಂದಿದ್ದ. ಬಾಗಿಲಲ್ಲಿ ಇಸಿದುಕೊಂಡವಳು ಮಜೀದನ ಹೆಂಡತಿ ಅಕ್ಬರಿ. ಕೈಯಲ್ಲಿ ಹಿಡಿದು ತೂಕ ನೋಡಿದಳು. ಪ್ರತಿ ಹೊಸ ವರ್ಷಕ್ಕೆ ಡಾಕ್ಟರು ಕಳಿಸುವ ಕಾರ್ಡು ಇಷ್ಟು ಭಾರ ಇರುತ್ತಿರಲಿಲ್ಲ.

ಡಾಕ್ಟರು ಎಂದರೆ ಸೋರೆನ್‌ಸೆನ್, ದನದ ಡಾಕ್ಟರು. ಡೆನ್ಮಾರ್ಕಿನವರು ಹೆಸರಘಟ್ಟದ ಫಾರಂಗೆ ತಮ್ಮ ಕೆಂಪು ಹೋರಿಗಳನ್ನೂ ತಜ್ಞರನ್ನೂ ಕಳಿಸುತ್ತಿದ್ದ ಕಾಲದಲ್ಲಿ, ಅರವತ್ತಾರರಿಂದ ಎಪ್ಪತ್ಮೂರರವರೆಗೆ ಇಲ್ಲಿದ್ದವರು. ಕೂಲಿಯವರ ಬಾಯಲ್ಲಿ ಅವರ ಹೆಸರು ಸವೆದು ಸವೆದು ‘ಸೂರಣ್ಣ ಸಾಹೇಬ್ರು’ ಆಗಿತ್ತು. ಆ ಏಳು ವರ್ಷವೂ ಅವರ ಜೀಪು ಓಡಿಸಿದವನು ಮಜೀದ್. ಮಾಗಡಿ, ಕುಣಿಗಲ್, ಶಿರಾ, ಚಿಂತಾಮಣಿ ಅಂತ ಹಸು ಇದ್ದ ಕಡೆಗೆಲ್ಲ ಇಬ್ಬರೂ ಸುತ್ತಿದ್ದರು. ಸರ್ಕಾರಿ ಜೀಪಿಗೆ ಮನೆಯವರನ್ನು ಹತ್ತಿಸುವಂತಿಲ್ಲ ಎಂಬ ನಿಯಮವನ್ನು ಮಜೀದ್ ಒಂದು ದಿನವೂ ಮುರಿದವನಲ್ಲ. ಹಾಗಾಗಿ ಅಕ್ಬರಿ ಡಾಕ್ಟರನ್ನು ನೋಡಿದ್ದು ಮೂರೇ ಸಲ. ಆದರೆ ಅವಳು ಕಟ್ಟಿ ಕಳಿಸುತ್ತಿದ್ದ ಖೀಮಾ, ಬೇಳೆಸಾರು, ಅಕ್ಕಿರೊಟ್ಟಿಯಲ್ಲಿ ಅರ್ಧ ಪಾಲು ಆ ಮನುಷ್ಯನದೇ ಆಗಿತ್ತು. ಮಧ್ಯಾಹ್ನ ಹುಣಸೆಮರದ ಕೆಳಗೆ ಜೀಪು ನಿಲ್ಲಿಸಿ ಅವರು ತಮ್ಮ ಬ್ರೆಡ್ಡನ್ನು ಮಜೀದನಿಗೆ ಕೊಟ್ಟು ಮಜೀದನ ಡಬ್ಬಿಯನ್ನು ತಾವು ಎಳೆದುಕೊಳ್ಳುತ್ತಿದ್ದರು. ಸಂಜೆ ಆ ಡಬ್ಬಿ ಎಂದೂ ಬರಿದಾಗಿ ಮನೆಗೆ ಬಂದದ್ದಿಲ್ಲ. ಒಂದು ದಿನ ನಾಲ್ಕು ಸೀತಾಫಲ, ಒಂದು ದಿನ ಬೆಣ್ಣೆ ಬಿಸ್ಕತ್ತು, ಒಮ್ಮೆ ಅಕ್ಬರಿಗೆ ಜ್ವರ ಎಂದು ಕೇಳಿ ಒಂದು ಚಿಕ್ಕ ಸೀಸೆ ಜೇನು.

ಮಗಳು ಜಾಹಿದಾ ಸಂಜಯನಗರದ ಶಾಲೆಯೊಂದರಲ್ಲಿ ಟೀಚರ್. ಅವಳು ಸಂಜೆ ಮನೆಗೆ ಬರುವವರೆಗೂ ಲಕೋಟೆ ಗಡಿಯಾರದ ಹಿಂದೆ ಕಾದಿತ್ತು. ಅವಳು ಕಾಲು ತೊಳೆದು ಬಂದು ಚಾಪೆಯ ಮೇಲೆ ಕೂತು ಓದಿದಳು. ಓದುತ್ತ ಓದುತ್ತ ಧ್ವನಿ ಏರಿತು.

“ಅಬ್ಬಾ, ಡಾಕ್ಟರ್ ನಿಮ್ಮನ್ನ ಕರೆದಿದ್ದಾರೆ. ನಿಮ್ಮಿಬ್ಬರನ್ನೂ! ಟಿಕೆಟ್ ಅವರೇ ಕಳಿಸ್ತಾರಂತೆ. ‘ಏಳು ವರ್ಷ ನೀನು ನನ್ನನ್ನು ಕೂರಿಸಿಕೊಂಡು ನಿನ್ನ ದೇಶ ತೋರಿಸಿದೆ. ನೀನು ರಿಟೈರ್ ಆದಾಗ ನಾನು ನಿನ್ನನ್ನು ಕೂರಿಸಿಕೊಂಡು ನನ್ನ ದೇಶ ತೋರಿಸುತ್ತೇನೆ ಅಂದಿದ್ದೆ, ನೆನಪಿದೆಯಾ? ನಮ್ಮದು ಪುಟ್ಟ ದೇಶ, ಮೂರು ವಾರ ಧಾರಾಳ ಸಾಕು. ರೊಟ್ಟಿಯ ಶ್ರೀಮತಿಯವರನ್ನು ಬಿಟ್ಟು ಬರಬೇಡ.’”

“ರೊಟ್ಟಿಯ ಶ್ರೀಮತಿ!” ಎಂದು ಅಕ್ಬರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮಜೀದ್ ಎದ್ದು ಹೋಗಿ ಹಿತ್ತಲಲ್ಲಿ ಮುಖ ತೊಳೆದುಕೊಂಡು ಬಂದ. ಮತ್ತೆ ಹೋಗಿ ತೊಳೆದುಕೊಂಡ. ಅವನ ಕಣ್ಣು ಯಾಕೆ ಕೆಂಪಾಗಿದೆ ಎಂದು ತಾಯಿ ಮಗಳು ಇಬ್ಬರೂ ಕೇಳಲಿಲ್ಲ.

*

ಮಾರನೆಯ ದಿನದಿಂದಲೇ ಆ ಮನೆಯಲ್ಲಿ ಡೆನ್ಮಾರ್ಕ್ ಬಂದು ಕೂತಿತು. ಜಾಹಿದಾ ಶಾಲೆಯಿಂದ ಅಟ್ಲಾಸ್ ತಂದಳು. ಮಜೀದನಿಗೆ ಕನ್ನಡಕ ಏರಿಸಿಕೊಂಡು ಆ ದೇಶವನ್ನು ಹುಡುಕುವುದಕ್ಕೇ ಕಾಲು ಗಂಟೆ ಹಿಡಿಯಿತು. ಕೊನೆಗೆ ಸಿಕ್ಕಿದ್ದು ಹೆಬ್ಬೆರಳಿನ ಉಗುರಿನಷ್ಟು ಜಾಗ, ಅದೂ ಚೂರುಚೂರು.

“ಇಷ್ಟೇನಾ?” ಎಂದಳು ಅಕ್ಬರಿ. “ಇದರಲ್ಲಿ ಮೂರು ವಾರ ಏನು ಮಾಡೋದು?”

ಮಜೀದ್ ಅವಳ ಹೊಲಿಗೆಪೆಟ್ಟಿಗೆಯಿಂದ ದಾರ ತೆಗೆದು ನಕಾಶೆಯ ಮೇಲೆ ಎಳೆದ. ಕೆಳಗಿದ್ದ ಅಳತೆಪಟ್ಟಿಗೆ ಹಿಡಿದು ನೋಡಿದ. ನಲವತ್ತು ವರ್ಷ ರಸ್ತೆ ಅಳೆದ ಮನುಷ್ಯ. “ಈ ತುದಿಯಿಂದ ಆ ತುದಿಗೆ ಬೆಂಗಳೂರು–ಬೀದರ್‌ನಷ್ಟೂ ಇಲ್ಲ ಕಣೇ. ಬೆಳಿಗ್ಗೆ ನಾಷ್ಟಾ ಮಾಡಿ ಹೊರಟ್ರೆ ಸಂಜೆ ಚಹಾಕ್ಕೆ ದೇಶ ಮುಗಿದುಹೋಗುತ್ತೆ. ನಡುವೆ ಸಮುದ್ರ ಬೇರೆ. ಕಾರನ್ನೇ ಹಡಗಿನೊಳಗೆ ಓಡಿಸಿಬಿಡ್ತಾರಂತೆ.”

ಡಾಕ್ಟರು ಬರೆದಿದ್ದ ಪಟ್ಟಿಯಲ್ಲಿ ಮೂರು ಜಾಗಗಳಿದ್ದವು. ಹೆಸರಘಟ್ಟಕ್ಕೆ ಬಂದ ಕೆಂಪು ಹೋರಿಗಳ ತವರುಮನೆಯಂಥ ಒಂದು ದೊಡ್ಡ ದನದ ಫಾರಂ. ಮಜೀದನಿಗೆ ಅದು ಸಾಕಿತ್ತು. ಡಾಕ್ಟರ ಹಳ್ಳಿಯ ಹತ್ತಿರದ ಬೀಚ್ ಎಂಬ ಮರದ ಒಂದು ಕಾಡು. ಮೇ ತಿಂಗಳಲ್ಲಿ ಅದರ ಎಲೆಯೆಲ್ಲ ಒಂದೇ ವಾರದಲ್ಲಿ ಚಿಗುರುತ್ತದಂತೆ. ಮೂರನೆಯದು ದೇಶದ ಬಡಗಣ ತುದಿ. ಅಲ್ಲಿ ಎರಡು ಸಮುದ್ರ ಎದುರುಬದುರು ಬಂದು ಡಿಕ್ಕಿ ಹೊಡೆಯುತ್ತವಂತೆ, ಒಂದೊಂದರಲ್ಲಿ ಒಂದೊಂದು ಕಾಲಿಟ್ಟು ನಿಲ್ಲಬಹುದಂತೆ. ಅಕ್ಬರಿ ಒಂದು ಸಮುದ್ರವನ್ನೂ ನೋಡಿದವಳಲ್ಲ. ಒಟ್ಟಿಗೆ ಎರಡು ಎಂದಾಗ ಅವಳು ನಕಾಶೆಯ ಆ ತುದಿಯ ಮೇಲೆ ಬೆರಳಿಟ್ಟು ನೋಡಿದಳು.

ಅವಳು ಹೊರಗೆ ತೋರಿಸಿಕೊಳ್ಳದ ಆಸೆಯೊಂದು ಬೇರೆಯೇ ಇತ್ತು. ಮದುವೆಯಾಗಿ ಮೂವತ್ತೊಂದು ವರ್ಷ. ಗಂಡ ಊರೂರು ಸುತ್ತಿದ. ಅವಳು ತಿರುಗಿ ಬಂದ ಡಬ್ಬಿ ತೊಳೆದಳು. ಅವನು ಹೇಳುತ್ತಿದ್ದ ಘಾಟಿ, ತೋಪು, ಸೇತುವೆ ಎಲ್ಲ ಅವಳಿಗೆ ಬಾಯಿಪಾಠ. ಆದರೆ ಅವನು ಗಾಡಿ ಓಡಿಸುವಾಗ ಪಕ್ಕದಲ್ಲಿ ಕೂತು ಒಂದು ಮೈಲಿಯೂ ಹೋದವಳಲ್ಲ. ಇಬ್ಬರೂ ಜೊತೆಯಾಗಿ ಹೋದದ್ದೆಲ್ಲ ಬಸ್ಸಿನಲ್ಲಿ: ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ಅವನು ಹಿಂದೆ ನಿಂತುಕೊಂಡು.

ಹೋಗುವುದು ಮೇ ನಡುವೆ, ಬರುವುದು ಜೂನ್ ಮೊದಲ ವಾರ ಎಂದಾಯಿತು. ಆ ವರ್ಷ ರಂಜಾನ್ ಜೂನ್ ಮಧ್ಯಕ್ಕೆ ಬೀಳುತ್ತಿತ್ತು. ಅಲ್ಲಿ ಆ ಕಾಲಕ್ಕೆ ಸೂರ್ಯ ಹತ್ತು ಗಂಟೆಯಾದರೂ ಮುಳುಗುವುದಿಲ್ಲ ಎಂದು ಜಾಹಿದಾ ಹೇಳಿದಾಗ ಅಕ್ಬರಿ ಗಾಬರಿಯಾದಳು. “ಯಾ ಅಲ್ಲಾ, ಹತ್ತು ಗಂಟೆಗೆ ಮಗ್ರಿಬ್ ಆದ್ರೆ ಇಶಾ ನಮಾಜ್ ಯಾವಾಗ, ಮಲಗೋದ್ಯಾವಾಗ? ಉಪವಾಸ ಶುರುವಾಗೋಕ್ಮುಂಚೆ ನಮ್ಮೂರಿಗೆ ಬಂದುಬಿಡೋಣ.” ಪಾಸ್‌ಪೋರ್ಟಿಗೆ ಫೋಟೋ ಆಯಿತು. ಅದರಲ್ಲಿ ಮಜೀದ್ ಪೊಲೀಸರು ಹಿಡಿದುಕೊಂಡು ಬಂದವನಂತೆ ಕಾಣುತ್ತಿದ್ದ. ಅಕ್ಬರಿ ಇಬ್ಬರಿಗೂ ಸ್ವೆಟರ್ ಹೆಣೆಯತೊಡಗಿದಳು. ಜನವರಿ ಮುಗಿದು ಬಿಸಿಲೇರಿದರೂ ಮಡಿಲಲ್ಲಿ ಉಣ್ಣೆ ಇಟ್ಟುಕೊಂಡು ಬೆವರುತ್ತ ಹೆಣೆದಳು. ಪಕ್ಕದ ಮನೆಯ ದ್ರೌಪದಮ್ಮ ಗೋಡೆಯಾಚೆಯಿಂದ ಕೇಳಿದಳು, “ಅಲ್ಲಿ ಅಂಗೂ ಚಳಿಯಾ ಅಕ್ಬರಮ್ಮ? ಇಂಗೆ ಎರಡೆರಡು ಯಾಕೆ?”

“ಒಂದು ಜೊತೆ ನಮಗೆ, ಇನ್ನೊಂದು ಡಾಕ್ಟರ ಮನೆಗೆ.”

“ಅವ್ರ ದೇಸದಾಗೆ ಉಣ್ಣೆ ಸಿಗಾಕಿಲ್ವಾ?”

“ಸಿಗುತ್ತೆ. ನಾನು ಹೆಣೆದಿದ್ದು ಸಿಗೋದಿಲ್ಲವಲ್ಲ,” ಎಂದಳು ಅಕ್ಬರಿ.

ಎಲ್ಲರಿಗೂ ಇದು ಸಂತೋಷವೇನೂ ಆಗಿರಲಿಲ್ಲ. ಮಜೀದನ ಅಕ್ಕ ಬದರುನ್ನೀಸಾ ಆರ್.ಟಿ. ನಗರದಿಂದ ಆಟೋ ಮಾಡಿಕೊಂಡೇ ಬಂದಳು. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿದವಳು. ಅವಳ ಮಾತಿಗೆ ಆ ಮನೆಯಲ್ಲಿ ತೂಕ ಜಾಸ್ತಿ. ಬುರ್ಖಾ ಕೂಡ ತೆಗೆಯದೆ ನಡುಮನೆಯಲ್ಲಿ ಕೂತಳು.

“ಹಜ್ಜಿಗೆ ಹೋಗದೋರು ಡೆನ್ಮಾರ್ಕಿಗೆ ಹೊರಟ್ರಾ? ಜನ ಏನಂತಾರೆ ಮಜೀದ್? ರಿಟೈರ್ ಆದ ಮೇಲೆ ಮನುಷ್ಯ ಮೊದಲು ನೆನೆಸ್ಕೋಬೇಕಾದ್ದು ಮಕ್ಕಾನ. ಮಜಾ ಮಾಡೋಕೆ ಹೋಗೋ ವಯಸ್ಸಾ ಇದು?”

ಮಜೀದ್ ತಲೆ ತಗ್ಗಿಸಿ ಕೂತ. ಅಕ್ಕನೆದುರು ಅವನಿಗೆ ಮಾತು ಬರುವುದಿಲ್ಲವೆಂದು ಅಕ್ಬರಿಗೆ ಗೊತ್ತು. ಅವಳೇ ಹೇಳಿದಳು, “ಆಪಾ, ಆ ಟಿಕೆಟ್ ಮಕ್ಕಾಗೆ ಹೋಗಲ್ಲ. ಕರೆದವರ ಮನೆಗಷ್ಟೇ ಹೋಗುತ್ತೆ. ಕರೆದಾಗ ಹೋಗದಿದ್ರೆ ಅವರ ಮನಸ್ಸು ನೋಯುತ್ತಲ್ವಾ?”

“ಕರೆದರಂತೆ! ದೊಡ್ಡವರು ಹಾಗೇ ಕರೀತಾರೆ. ಮಾತಿಗೆ,” ಎಂದು ಬದರುನ್ನೀಸಾ ಚಹಾ ಕುಡಿಯದೆ ಎದ್ದಳು. ಆ ಮಾತು ಅಕ್ಬರಿಯ ಮನಸ್ಸಿನಲ್ಲಿ ಎರಡು ದಿನ ಮುಳ್ಳಿನ ಹಾಗೆ ಆಡಿತು. ನಿಜವಾಗಿಯೂ ಮಾತಿಗೇ ಕರೆದಿದ್ದರೆ?

*

ಅದರ ಉತ್ತರ ಫೆಬ್ರವರಿ ಕೊನೆಯಲ್ಲಿ ಬಂತು, ಆದರೆ ಅವಳು ಅಂದುಕೊಂಡ ರೀತಿಯಲ್ಲಲ್ಲ. ಕಾಗದ ತೆಳ್ಳಗಿತ್ತು. ಬರಹ ಡಾಕ್ಟರದಾಗಿರಲಿಲ್ಲ, ಅವರ ಹೆಂಡತಿ ಇಂಗರ್ ಬರೆದಿದ್ದರು. ಜಾಹಿದಾ ಮೊದಲು ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ನಿಧಾನವಾಗಿ ಹೇಳಿದಳು.

ಡಾಕ್ಟರಿಗೆ ಲಕ್ವ ಹೊಡೆದಿತ್ತು. ಬಲಗೈ ಬಲಗಾಲು ಸ್ವಾಧೀನದಲ್ಲಿಲ್ಲ, ಮಾತು ತೊದಲುತ್ತದೆ. ‘ನಿಮಗೆ ಬರೆಯಬೇಡ ಅಂತ ಅವರು ಹಟ ಮಾಡುತ್ತಿದ್ದಾರೆ. ಬೇಸಿಗೆಯೊಳಗೆ ಸರಿಹೋಗುತ್ತೇನೆ, ಮಜೀದನನ್ನು ನಾನೇ ಸುತ್ತಾಡಿಸುತ್ತೇನೆ ಅಂತಲೇ ಹೇಳುತ್ತಾರೆ. ಆದರೆ ಡಾಕ್ಟರುಗಳು ಇನ್ನು ಕಾರು ಓಡಿಸುವ ಮಾತೇ ಇಲ್ಲ ಅಂದಿದ್ದಾರೆ. ನಾನು ಓಡಿಸಲು ಕಲಿತವಳಲ್ಲ. ಕಾರು ಶೆಡ್ಡಿನಲ್ಲಿ ನಿಂತಿದೆ. ಅವರು ಕಿಟಕಿಯಿಂದ ಶೆಡ್ಡು ನೋಡುತ್ತ ಕೂತಿರುತ್ತಾರೆ. ನೀವು ಬಂದರೂ ನಮ್ಮ ಹಳ್ಳಿಯ ಮನೆಯಲ್ಲಿ ಸುಮ್ಮನೆ ಕೂತಿರಬೇಕಾಗುತ್ತದೆ. ಬೇಡವೆನಿಸಿದರೆ ನಾವು ತಪ್ಪು ತಿಳಿಯುವುದಿಲ್ಲ.’

ಮಜೀದ್ ಆ ಕಾಗದವನ್ನು ಕೈಗೆ ತೆಗೆದುಕೊಂಡು, ತನಗೆ ಓದಲು ಬಾರದ ಅಕ್ಷರಗಳನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಮೂರು ದಿನ ಅವನು ಅಟ್ಲಾಸ್ ತೆರೆಯಲಿಲ್ಲ. ಅಕ್ಬರಿ ಹೆಣಿಗೆ ನಿಲ್ಲಿಸಲಿಲ್ಲ, ಆದರೆ ಕಣ್ಣು ತಪ್ಪಿ ತಪ್ಪಿ ಬಿಚ್ಚಬೇಕಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಅವನು ಷರ್ಟು ಹಾಕಿಕೊಂಡು ಯಶವಂತಪುರಕ್ಕೆ ಹೊರಟ. “ಏನಾದ್ರೂ ತರಬೇಕಾ?” ಎಂದಷ್ಟೇ ಕೇಳಿದ. ಅಲ್ಲಿಂದ ಟ್ರಂಕ್ ಕಾಲ್ ಮಾಡಿ ಬರುವುದಿಲ್ಲ ಎಂದು ಹೇಳುತ್ತಾನೇನೋ ಎಂದುಕೊಂಡಳು ಅಕ್ಬರಿ. ಸರಿಯೇ ಅಲ್ಲವಾ, ಕಾಯಿಲೆಯ ಮನೆಗೆ ಅತಿಥಿಗಳಾಗಿ ಹೋಗಿ ಹೊರೆಯಾಗುವುದುಂಟಾ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೇಳಿಕೊಂಡರೂ ಅಡಿಗೆಮನೆಯಲ್ಲಿ ಒಗ್ಗರಣೆ ಸೀದುಹೋಯಿತು.

ಮಧ್ಯಾಹ್ನ ಬೀದಿಯಲ್ಲಿ ಭಾರೀ ಸದ್ದಾಯಿತು. ದ್ರೌಪದಮ್ಮನ ಕೋಳಿಗಳು ಚೆಲ್ಲಾಪಿಲ್ಲಿಯಾದವು. ಹೊರಗೆ ಬಂದರೆ ಬಣ್ಣ ಹಾರಿದ, ಬಾಗಿಲಿಲ್ಲದ ಒಂದು ಹಳೆಯ ಮಿಲಿಟರಿ ಜೀಪು ಮನೆಯ ಮುಂದೆ ನಿಂತಿತ್ತು. ಮಜೀದ್ ಇಳಿದ, ಆದರೆ ಎಂದಿನ ಬಲಗಡೆಯಿಂದಲ್ಲ, ಆಚೆಯ ಬದಿಯಿಂದ.

“ಗಯಾಸ್ ಭಾಯಿ ಗ್ಯಾರೇಜಲ್ಲಿ ಬಿದ್ದಿತ್ತು. ಯುದ್ಧದ ಕಾಲದ್ದು, ಅಮೆರಿಕಾದೋರ ಮಾಲು,” ಎಂದ. ಅವನ ಮುಖದಲ್ಲಿ ಮೂರು ದಿನದ ಮಬ್ಬು ಹರಿದಿತ್ತು. “ನೋಡು, ಸ್ಟೇರಿಂಗ್ ಎಡಗಡೆ. ಡೆನ್ಮಾರ್ಕಲ್ಲೂ ಹೀಗೇನೇ. ರಸ್ತೆಯ ಬಲಗಡೆ ಓಡಿಸ್ತಾರೆ. ಹೋಗಿ ಬರೋವರೆಗೂ ಇಟ್ಕೋ ಅಂದಿದ್ದಾನೆ ಗಯಾಸ್.”

“ಇಟ್ಕೊಂಡು ಏನ್ಮಾಡ್ತೀರಾ?”

“ಕಲೀತೀನಿ. ಡಾಕ್ಟರ್ ಸಾಹೇಬ್ರ ಕಾರು ಶೆಡ್ಡಲ್ಲಿ ಯಾಕೆ ನಿಲ್ಲಬೇಕು? ನಾನೇನು ಸತ್ತಿದೀನಾ?”

ಅಕ್ಬರಿ ಬಾಗಿಲ ಕಂಬ ಹಿಡಿದುಕೊಂಡಳು. ನಗು ಬಂತೋ ಅಳು ಬಂತೋ ಅವಳಿಗೇ ಗೊತ್ತಾಗಲಿಲ್ಲ. “ಕೈ ತೊಳ್ಕೊಂಡು ಬನ್ನಿ, ಅನ್ನ ಹಾಕ್ತೀನಿ,” ಎಂದಳು.

*

ಹಿಂದಿನ ವರ್ಷ ಮಳೆ ಕೈಕೊಟ್ಟು ಹೆಸರಘಟ್ಟದ ಕೆರೆ ಅರ್ಧಕ್ಕರ್ಧ ಒಣಗಿತ್ತು. ನೀರು ಹಿಂದೆ ಸರಿದ ಜಾಗದಲ್ಲಿ ನೆಲ ಸಿಮೆಂಟಿನಂತೆ ಗಟ್ಟಿಯಾಗಿ, ಮೈಲಿಗಟ್ಟಲೆ ಬಯಲು. ಮಜೀದ್ ಅಲ್ಲಿ ಕಲ್ಲಿಟ್ಟು, ಸುಣ್ಣ ಚೆಲ್ಲಿ ಒಂದು ರಸ್ತೆ ಮಾಡಿದ. ಎರಡು ಕಡೆ ತಿರುವು, ನಡುವೆ ತುಕ್ಕು ಹಿಡಿದ ಡ್ರಮ್ಮನ್ನಿಟ್ಟು ಒಂದು ಸರ್ಕಲ್ಲು. ವಾರಕ್ಕೆ ಮೂರು ಬೆಳಿಗ್ಗೆ, ಬಿಸಿಲೇರುವ ಮುಂಚೆ, ಅಲ್ಲಿಗೆ ಹೋಗುತ್ತಿದ್ದ. ದನ ಮೇಯಿಸುವವರು ಕೋಲೂರಿಕೊಂಡು ನಿಂತು ನೋಡುತ್ತಿದ್ದರು.

ಅದು ಅವನು ತಿಳಿದಷ್ಟು ಸುಲಭವಾಗಿರಲಿಲ್ಲ. ಅವನ ಕೈಕಾಲಿಗೆ ನಲವತ್ತು ವರ್ಷದ ಅಭ್ಯಾಸವಿತ್ತು. ಗೇರು ಬದಲಿಸಬೇಕಾದಾಗಲೆಲ್ಲ ಎಡಗೈ ಗೇರ್ ಹುಡುಕುತ್ತ ಬಾಗಿಲಿಲ್ಲದ ಜೀಪಿನಿಂದ ಹೊರಗೆ ಹೋಗಿ ಗಾಳಿಯಲ್ಲಿ ನಿಲ್ಲುತ್ತಿತ್ತು. ನೇರ ರಸ್ತೆಯಲ್ಲಿ ಸರಿಯಾಗಿರುತ್ತಿದ್ದ. ತಿರುವು ಬಂದ ಕೂಡಲೇ ಗಾಡಿ ತಾನಾಗಿ ಎಡಕ್ಕೆ ಸೇರುತ್ತಿತ್ತು. ಎರಡು ವಾರದ ಮೇಲೆ ಒಂದು ದಿನ ಡ್ರಮ್ಮನ್ನು ತಪ್ಪು ಬದಿಯಿಂದ ಸುತ್ತಿ, ಗುದ್ದಿ, ಉರುಳಿಸಿ ಬಂದ. ಮನೆಗೆ ಬಂದವನು ಜಗುಲಿಯ ಮೇಲೆ ಕೂತು ತನ್ನ ಎರಡೂ ಕೈಗಳನ್ನು ನೋಡಿಕೊಂಡ.

“ಆಗಲ್ಲ ಅಕ್ಬರಿ. ತಲೆಗೆ ಗೊತ್ತಾಗುತ್ತೆ, ಕೈಗೆ ಗೊತ್ತಾಗ್ತಿಲ್ಲ. ಇದು ಬಯಲು, ಡ್ರಮ್ಮು ಬಿತ್ತು. ಅಲ್ಲಿ ರಸ್ತೆ, ಪಕ್ಕದಲ್ಲಿ ಕೈಲಾಗದ ಸಾಹೇಬ್ರು ಕೂತಿರ್ತಾರೆ. ಎದುರಿಂದ ಲಾರಿ ಬಂದ್ರೆ? ಜಾಹಿದಾಗೆ ಹೇಳಿ ಕಾಗದ ಬರೆಸಿಬಿಡೋಣ.”

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಅಕ್ಬರಿ ನಮಾಜ್ ಮುಗಿಸಿ, ಚಪಾತಿ ಕಟ್ಟಿಕೊಂಡು, ಛತ್ರಿ ತೆಗೆದುಕೊಂಡು, ಮಗಳನ್ನೂ ಎಬ್ಬಿಸಿ ಜೀಪಿನ ಹತ್ತಿರ ನಿಂತಳು.

“ಎಲ್ಲಿಗೆ?” ಎಂದ ಮಜೀದ್.

“ಕೆರೆಗೆ. ಎದುರಿಂದ ಲಾರಿ ಬಂದ್ರೆ ಅಂದ್ರಲ್ಲ, ಲಾರಿ ಬರುತ್ತೆ ಇವತ್ತು.”

ಕೆರೆಯಂಗಳದಲ್ಲಿ ಅವಳು ಹಿಂದಿನ ಸೀಟಿನಿಂದ ಇಳಿದು ಸುಣ್ಣದ ರಸ್ತೆಯ ಆ ತುದಿಗೆ ನಡೆದಳು. ಕಪ್ಪು ಛತ್ರಿ ಬಿಚ್ಚಿ ಎದೆಗೆ ಅಡ್ಡ ಹಿಡಿದು, ಗಂಡನ ಜೀಪಿಗೆ ಎದುರಾಗಿ ಹೊರಟಳು. ಜಾಹಿದಾ ನಗುತ್ತ ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು ಸೈಕಲ್ಲಿನವಳಾದಳು. ಮಜೀದ್ ಮೊದಲು ಕೋಪಿಸಿಕೊಂಡ: “ಅರೆ, ಹುಚ್ಚಾ ನಿಂಗೆ? ಆ ಕಡೆ ಸರಿ!” ಅಕ್ಬರಿ ಸರಿಯಲಿಲ್ಲ. “ಹಾರ್ನ್ ಹೊಡೀರಿ, ಲಾರಿ ಯಾಕೆ ಸರಿಯುತ್ತೆ!” ಎಂದು ಕೂಗಿದಳು. ಎದುರಿಗೆ ನಡೆದು ಬರುತ್ತಿರುವುದು ಹೆಂಡತಿ ಎಂದಾಗ ಅವನ ಕೈಗೆ ಎಚ್ಚರ ಬಂತು. ಜೀಪು ಬಲಕ್ಕೆ ಸರಿಯಿತು. ಅವಳು ಅವನ ಎಡಗಡೆಯಿಂದ ಛತ್ರಿ ಹಿಡಿದು ಹಾದುಹೋದಳು. ತಿರುಗಿ ಮತ್ತೆ ಬಂದಳು. ಹೀಗೆ ಇಪ್ಪತ್ತು ಸಲ. ದನ ಕಾಯುವ ಮುದುಕ ಚಿಕ್ಕಮಾರಯ್ಯ ಇದನ್ನು ನೋಡಿ ತಾಳಲಾರದೆ ತನ್ನ ಎಮ್ಮೆಗಳನ್ನೂ ರಸ್ತೆಗೆ ಅಡ್ಡ ಹೊಡೆದ. “ಆ ದೇಸದಾಗೂ ಎಮ್ಮೆ ಇರ್ತಾವೆ ಕಣಪ್ಪ, ಇವನ್ನೂ ತಪ್ಪಿಸಿ ಓಡ್ಸು ನೋಡಾನ!”

ಬಿಸಿಲೇರಿತು. ಅಕ್ಬರಿ ದಣಿದು ಬಂದು ಜೀಪಿನ ಮುಂದಿನ ಸೀಟಿಗೆ ಹತ್ತಿದಳು, ಜಾಹಿದಾ ಹಿಂದಕ್ಕೆ ಹತ್ತಿದಳು. “ಇನ್ನು ನಾನಿಲ್ಲಿಂದಲೇ ಹೇಳ್ತೀನಿ, ನಡೀರಿ.”

ಸ್ಟೇರಿಂಗ್ ಎಡಗಡೆಯಾದ್ದರಿಂದ ಅವಳು ಅವನ ಬಲಗಡೆಗಿದ್ದಳು. ಜೀಪು ಹೊರಟಿತು. ತಿರುವು ಹತ್ತಿರವಾದಾಗ ಅವಳು “ಬಲಕ್ಕೆ, ಬಲಕ್ಕೆ” ಎಂದಳು. ಅವನು ಗಲಿಬಿಲಿಗೊಂಡು ಎಡಕ್ಕೆಳೆದ.

“ಬಲ ಅನ್ಬೇಡ,” ಎಂದ ಮಜೀದ್. “ಬಲ ಅಂದ್ರೆ ತಲೆ ಯೋಚನೆ ಮಾಡೋಕೆ ಶುರು ಮಾಡುತ್ತೆ. ಬೇರೆ ಏನಾದ್ರೂ ಹೇಳು.”

ಮುಂದಿನ ತಿರುವಿನಲ್ಲಿ ಅವಳು ಹೇಳಿದಳು, “ನನ್ನ ಕಡೆ ಬನ್ನಿ.”

ಜೀಪು ಬೆಣ್ಣೆಯಂತೆ ತಿರುಗಿ ರಸ್ತೆಯ ಬಲ ಅಂಚಿನಲ್ಲಿ ಹೊರಳಿಕೊಂಡಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸರ್ಕಲ್ಲು ಬಂತು. “ನನ್ನ ಕಡೆ.” ಬಂದ. ಮತ್ತೊಂದು ತಿರುವು. “ನನ್ನ ಕಡೆ.” ಬಂದ. ಹಿಂದಿನ ಸೀಟಿನಲ್ಲಿದ್ದ ಜಾಹಿದಾ ಕೆರೆಯ ಏರಿಯ ಕಡೆ ಮುಖ ತಿರುಗಿಸಿ ಕೂತಳು.

ಅಂದು ಅಕ್ಬರಿ ಗಂಡನನ್ನು ಹೊಸದಾಗಿ ನೋಡಿದಳು. ಮನೆಯಲ್ಲಿ ಚಪ್ಪಲಿ ಎಲ್ಲಿಟ್ಟೆ ಎಂದು ಹುಡುಕಾಡುವ ಮನುಷ್ಯ ಇವನಲ್ಲ. ಬೆನ್ನು ನೆಟ್ಟಗೆ, ಕತ್ತು ಸಡಿಲ, ಕಣ್ಣು ದೂರಕ್ಕೆ. ಹಳ್ಳ ಬಂದಾಗ ಗಾಡಿಗೆ “ಮೆಲ್ಲಗೆ ಬೇಟಾ, ಮೆಲ್ಲಗೆ” ಎಂದು ಹೇಳುತ್ತಿದ್ದ. ಅದು ತನಗೇ ಗೊತ್ತಿಲ್ಲದಂತೆ ಬಾಯಿಗೆ ಬರುತ್ತಿತ್ತು. ಅಪರೂಪಕ್ಕೆ ಗಂಟಲಲ್ಲಿ ಒಂದು ಸಣ್ಣ ಗುನುಗು. ಮೂವತ್ತೊಂದು ವರ್ಷ ಈ ಮನುಷ್ಯ ದಿನಾ ಬೆಳಿಗ್ಗೆ ಮನೆ ಬಿಟ್ಟು ಹೋಗಿ ಹೀಗಿರುತ್ತಿದ್ದನಾ ಎಂದು ಅವಳಿಗೆ ಬೆರಗಾಯಿತು. ಅವಳು ಚಪಾತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಹಿಡಿದು ಕೂತಳು. ಅವನು ನಿಲ್ಲಿಸುವುದು ಬೇಡವಾಗಿತ್ತು.

“ಸಾಕಾ?” ಎಂದ ಮಜೀದ್.

“ಇನ್ನೊಂದು ಸುತ್ತು,” ಎಂದಳು.

*

ಆಮೇಲೆ ಎಲ್ಲ ಬೇಗಬೇಗ ಆಯಿತು. ಜಾಹಿದಾ ಇಂಗರಿಗೆ ಬರೆದಳು: ‘ಅಬ್ಬಾ ಬಲಗಡೆ ಓಡಿಸುವುದನ್ನು ಕಲಿಯುತ್ತಿದ್ದಾರೆ. ದಯವಿಟ್ಟು ಕಾರಿನ ಬ್ಯಾಟರಿ ಚಾರ್ಜ್ ಮಾಡಿಸಿ ಇಡಿ.’ ಉತ್ತರದಲ್ಲಿ ಎರಡೇ ಸಾಲು ಇಂಗರದು. ಕೆಳಗೆ ಎಡಗೈಯಲ್ಲಿ ಬರೆದ, ಇರುವೆ ಹರಿದಂಥ ಒಂದು ಸಾಲು ಡಾಕ್ಟರದು: ‘ರೊಟ್ಟಿ ತನ್ನಿ.’ ಟಿಕೆಟ್ಟು ಬಂತು, ವೀಸಾ ದಿಲ್ಲಿಯಿಂದ ಅಂಚೆಯಲ್ಲಿ ಬಂತು, ಹೊರದೇಶದಲ್ಲಿ ಗಾಡಿ ಓಡಿಸುವ ಪರ್ಮಿಟ್ಟೂ ಆಯಿತು. ಅದನ್ನು ಕೊಟ್ಟ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, “ಈ ವಯಸ್ಸಲ್ಲಾ ಸಾಬ್ರೇ?” ಎಂದನಂತೆ. “ಡ್ಯೂಟಿ ಇದೆ ಸ್ವಾಮಿ,” ಎಂದನಂತೆ ಮಜೀದ್.

ಬದರುನ್ನೀಸಾ ಏಪ್ರಿಲ್‌ನಲ್ಲಿ ಮತ್ತೆ ಬಂದಳು. ಈ ಸಲ ಬುರ್ಖಾ ತೆಗೆದು, ಕಾಲು ಚಾಚಿ ಕೂತಳು. ಲಕ್ವದ ಸಂಗತಿ ಅವಳ ಕಿವಿಗೆ ಬಿದ್ದಿತ್ತು. “ಆವತ್ತೇ ಯಾಕೆ ಹೇಳಲಿಲ್ಲ ನೀವು? ಕಾಯಿಲೆ ಬಿದ್ದೋರನ್ನ ನೋಡೋಕೆ ಹೋಗೋದು ಮಜಾ ಮಾಡೋಕೆ ಹೋದಂಗಾ? ಅದು ಸವಾಬಿನ ಕೆಲಸ, ಪುಣ್ಯದ್ದು,” ಎಂದು ತನ್ನ ಚೀಲದಿಂದ ಕರಿಜೀರಿಗೆ ಎಣ್ಣೆಯ ದೊಡ್ಡ ಸೀಸೆ ತೆಗೆದಳು. “ಬೆಳಿಗ್ಗೆ ಸಂಜೆ ಕೈಕಾಲಿಗೆ ತಿಕ್ಕಬೇಕು ಅಂತ ಆ ಯಮ್ಮನಿಗೆ ಹೇಳು. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕಲ್ಲ.” ಚಹಾ ಎರಡು ಲೋಟ ಕುಡಿದಳು. ಜಾಹಿದಾ ಆ ಮೂರು ವಾರ ತನ್ನ ಮನೆಯಲ್ಲಿರಲಿ ಎಂದು ತಾನೇ ಹೇಳಿದಳು.

ಹೋದರು. ಕೋಪನ್‌ಹೇಗನ್‌ನಿಂದ ರೈಲಿನಲ್ಲಿ, ರೈಲಿನ ಸಮೇತ ಹಡಗಿನಲ್ಲಿ, ಮತ್ತೆ ರೈಲಿನಲ್ಲಿ. ಡಾಕ್ಟರು ಅಂಗಳದಲ್ಲಿ ಕೋಲೂರಿ ನಿಂತಿದ್ದರು. ಮಜೀದನನ್ನು ನೋಡಿ ಏನೋ ಹೇಳಲು ಹೋದರು, ಮಾತು ಸಿಕ್ಕಿಕೊಂಡಿತು. ಮಜೀದ್ ಹಿಂದೆ ಜೀಪಿನ ಬಾಗಿಲು ತೆಗೆದು ಮಾಡುತ್ತಿದ್ದಂತೆಯೇ ಸಲಾಮು ಮಾಡಿದ. ಡಾಕ್ಟರು ತಲೆಯಾಡಿಸಿ, ಅದು ಬೇಡ ಎಂಬಂತೆ ಎಡಗೈಯನ್ನು ಅವನ ಕುತ್ತಿಗೆಯ ಸುತ್ತ ಹಾಕಿ ಎಳೆದುಕೊಂಡರು. ಆ ಇಬ್ಬರು ಗಂಡಸರು ಅಂಗಳದಲ್ಲಿ ಹಾಗೇ ನಿಂತಿದ್ದಾಗ ಇಂಗರ್ ಅಕ್ಬರಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಅಡಿಗೆಮನೆಯಲ್ಲಿ ಅದು ತೊಂದರೆಯಾಗಲಿಲ್ಲ.

ಮೊದಲ ಮೂರು ದಿನ ಮಜೀದ್ ಹಳ್ಳಿಯ ಸುತ್ತಲಷ್ಟೇ ಓಡಿಸಿದ. ನಾಲ್ಕನೆಯ ದಿನ ಹೆದ್ದಾರಿಗೆ ಇಳಿದ. ಡಾಕ್ಟರು ಪಕ್ಕದಲ್ಲಿ ಕೂತು ಎಡಗೈಯ ಬೆರಳಿನಿಂದ ದಾರಿ ತೋರಿಸಿದರು. ಹಿಂದೆ ಇಬ್ಬರು ಹೆಂಗಸರು. ಕೆಂಪು ಹೋರಿಗಳ ಫಾರಂ ನೋಡಿದರು. ಅಲ್ಲಿ ಮಜೀದ್ ಒಂದು ಹೋರಿಯ ಹಣೆ ಸವರುತ್ತ ಹೆಸರಘಟ್ಟದ ಸುದ್ದಿ ಹೇಳಿದ. ಬೀಚ್ ಕಾಡು ನೋಡಿದರು. ಬಡಗಣ ತುದಿಗೂ ಹೋದರು. ಕಾರು ನಿಲ್ಲಿಸಿದ ಮೇಲೆ ಮರಳಿನಲ್ಲಿ ಬಹಳ ದೂರ ನಡೆಯಬೇಕಿತ್ತು, ಡಾಕ್ಟರಿಂದ ಆಗುವಂತಿರಲಿಲ್ಲ. ಅವರು ಕಾರಿನಲ್ಲೇ ಕೂತು ಅಕ್ಬರಿಗೆ ಹೋಗಿ ಹೋಗಿ ಎಂದು ಕೈಬೀಸಿದರು. ಅವಳು ಹೋಗಲಿಲ್ಲ. ಕಾರಿನ ಪಕ್ಕದಲ್ಲೇ ಜಮಖಾನ ಹಾಸಿ, ಬೆಳಿಗ್ಗೆ ಸುಟ್ಟ ಅಕ್ಕಿರೊಟ್ಟಿ ಬಿಚ್ಚಿ ಹರಿದು ಹರಿದು ಅವರ ಎಡಗೈಗೆ ಕೊಟ್ಟಳು. ಸಮುದ್ರದ ಸದ್ದು ಅಲ್ಲಿಗೇ ಕೇಳುತ್ತಿತ್ತು. ಡಾಕ್ಟರು ತಿನ್ನುತ್ತ ಅರ್ಧ ಬಾಯಿಯಲ್ಲಿ ನಕ್ಕರು. ತಡವರಿಸದೆ ಅವರ ಬಾಯಿಂದ ಬಂದ ಮೊದಲ ಮಾತು ಅವತ್ತಿನದು, ಕನ್ನಡದ್ದೇ. “ಉಪ್ಪು ಕಮ್ಮಿ,” ಎಂದರು.

*

ರಂಜಾನ್ ಚಂದ್ರ ಕಾಣುವುದಕ್ಕೆ ಐದು ದಿನ ಮುಂಚೆ ಇಬ್ಬರೂ ಬಾಗಲಗುಂಟೆಗೆ ವಾಪಸಾದರು. ಜೀಪು ಗಯಾಸನ ಗ್ಯಾರೇಜಿಗೆ ಹೋಯಿತು. ಆಗಸ್ಟಿನಲ್ಲಿ ಮಳೆ ಹಿಡಿದು ಕೆರೆಯಂಗಳದ ಸುಣ್ಣದ ರಸ್ತೆಯೂ ನೀರಿನಡಿ ಹೋಯಿತು.

ಮುಂದಿನ ವರ್ಷ ಮಾರ್ಚಿನಲ್ಲಿ ಇಂಗರ್ ಕಾಗದದ ಜೊತೆ ಒಂದು ಫೋಟೋ ಕಳಿಸಿದರು. ಜಾಹಿದಾ ಓದಿದಳು: ‘ನೀವು ಹೋದ ಮೇಲೆ ಕಾರು ಮತ್ತೆ ಶೆಡ್ಡಿಗೆ ಸೇರಿತು. ಒಂದು ವಾರ ನೋಡಿದೆ. ಮಜೀದ್ ಐವತ್ತೆಂಟಕ್ಕೆ ಹೊಸದಾಗಿ ಕಲಿಯಬಹುದಾದರೆ ನಾನು ಐವತ್ತೇಳಕ್ಕೆ ಕಲಿಯಬಾರದೇಕೆ ಅನ್ನಿಸಿತು. ಎರಡು ಸಲ ಫೇಲಾದೆ. ಮೂರನೆಯ ಸಲ ಲೈಸೆನ್ಸ್ ಕೊಟ್ಟರು. ಈಗ ಪ್ರತಿ ಶನಿವಾರ ಇವರನ್ನು ಹೊರಗೆ ಕರೆದುಕೊಂಡು ಹೋಗುತ್ತೇನೆ. ಇವರು ಕಣ್ಣು ಮುಚ್ಚಿಕೊಂಡು ಕೂತಿರುತ್ತಾರೆ, ಹೆದರಿಕೆಯಿಂದಲೋ ಸುಖದಿಂದಲೋ ಹೇಳುವುದಿಲ್ಲ.’

ಫೋಟೋದಲ್ಲಿ ನೀಲಿ ಕಾರು. ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತ ಇಂಗರ್. ಪಕ್ಕದಲ್ಲಿ, ಅಕ್ಬರಿ ಹೆಣೆದ ಮೆಂತ್ಯದ ಬಣ್ಣದ ಸ್ವೆಟರಿನಲ್ಲಿ ಡಾಕ್ಟರು.

ಅಕ್ಬರಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ ಗಂಡನ ಕೈಗೆ ಕೊಟ್ಟಳು. ಮಜೀದ್ ಕನ್ನಡಕ ಹಾಕಿಕೊಂಡು ನೋಡಿದ. ಡಾಕ್ಟರ ಮುಖ ನೋಡಿದ. ಆಮೇಲೆ ಕೆಳಗೆ ನೋಡಿ ನಗಲು ಶುರುಮಾಡಿದ.

“ಏನ್ರೀ?”

“ಮುಂದಿನ ಚಕ್ರ ನೋಡು. ಹೂವಿನ ಪಾತಿ ಮೇಲೆ ಹತ್ತಿಸಿ ನಿಲ್ಲಿಸಿದಾರೆ.”

“ಬರೆದು ತಿಳಿಸ್ರೀ ಮತ್ತೆ.”

“ಬೇಡ ಬೇಡ,” ಎಂದ ಮಜೀದ್, ಫೋಟೋವನ್ನು ಷರ್ಟಿನ ಜೇಬಿಗೆ ಇಳಿಸುತ್ತ. “ಹೊಸಬರು. ತಾವೇ ಕಲೀತಾರೆ.”